ಲಕ್ಕಯ್ಯನ ಬದಲಿ

ಬೆಳಕು ಹರಿಯುವ ಮೊದಲೇ ಕಾಫಿ ತೋಟದ ಲಾರಿ ಬಂದು ಸಾಲುಮನೆಗಳ ಮುಂದೆ ನಿಲ್ಲುತ್ತಿತ್ತು. ಕಟ್ಟಕಡೆಯ ಆಳು ಹತ್ತಿ ಕೂರುವ ತನಕ ಡ್ರೈವರು ಹಾರ್ನ್ ಹೊಡೆಯುವುದನ್ನು ಬಿಡುತ್ತಿರಲಿಲ್ಲ. ಪುಷ್ಯ ಮಾಸದ ಚಳಿ, ಗಿರಿಯ ಕಡೆಯಿಂದ ಇಳಿದ ಮಂಜು, ಕೈಬೆರಳು ಮಡಚಿದರೆ ಬಿಡಿಸಲು ಬಾರದು. ಅಂಥದರಲ್ಲಿ ತಂಗಮ್ಮ ಮಗನ ಕಂಬಳಿ ಎಳೆದು, ತಂಗಳು ಮುದ್ದೆಯನ್ನು ಎಲೆಯಲ್ಲಿ ಸುತ್ತಿ ಅವನ ಕೈಗಿಟ್ಟು, ಹೊರಗೆ ದಬ್ಬುತ್ತಿದ್ದಳು. ಲಕ್ಕಯ್ಯ ಅರ್ಧ ನಿದ್ದೆಯಲ್ಲೇ ಲಾರಿ ಹತ್ತುತ್ತಿದ್ದ. ಹತ್ತುವ ಮುಂಚೆ ಭೂಗೋಳದ ಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದ. ಗಿರಿ ಹತ್ತುವ ಅತ್ತಿಗುಂಡಿಯ ದಾರಿಯಲ್ಲಿ ಓದಿಕೊಳ್ಳುತ್ತೇನೆ ಎಂಬುದು ಅವನ ಆಸೆ. ಆ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದದ್ದು ಹೊರಗೆ ಬರದೆ ಉಳಿದರೆ ಅದೇ ಪುಣ್ಯ, ಭೂಗೋಳ ಒಳಗೆ ಹೋಗುವುದೆಲ್ಲಿಂದ ಬಂತು?

ಲಕ್ಕಯ್ಯ ಪೇಟೆಯ ಸಣ್ಣ ಹೈಸ್ಕೂಲಿನ ಕೊನೆಯ ಕ್ಲಾಸಿನಲ್ಲಿದ್ದ. ಬೇಸಿಗೆಗೆ ಪಬ್ಲಿಕ್ ಪರೀಕ್ಷೆ. ಅದೊಂದನ್ನು ದಾಟಿದರೆ ಅಂಚೆ ಕಚೇರಿಯಲ್ಲೋ ಅಮಲ್ದಾರರ ಕಚೇರಿಯಲ್ಲೋ ಕುರ್ಚಿ ಸಿಗದಿದ್ದರೂ ಒಂದು ಸ್ಟೂಲಾದರೂ ಸಿಕ್ಕೀತು, ಮಗ ನೆರಳಲ್ಲಿ ಕೂತು ದುಡಿದಾನು ಎಂದು ತಂಗಮ್ಮ ನಂಬಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ನಂಬಿದ್ದು ಇದೊಂದನ್ನೇ. ಹಾಗೆಂದು ಲಕ್ಕಯ್ಯ ಮಹಾ ಬುದ್ಧಿವಂತನೇನೂ ಅಲ್ಲ. ಲೆಕ್ಕದಲ್ಲಿ ಪರವಾಗಿಲ್ಲ, ಇಂಗ್ಲಿಷಿನಲ್ಲಿ ಎಡವುತ್ತಿದ್ದ, ಚರಿತ್ರೆಯಲ್ಲಿ ಒಬ್ಬ ರಾಜನ ಯುದ್ಧವನ್ನು ಇನ್ನೊಬ್ಬನ ಕೊರಳಿಗೆ ಕಟ್ಟುತ್ತಿದ್ದ. ಎಲ್ಲರ ಮನೆಯ ಮಕ್ಕಳೂ ಇರುವುದು ಹೀಗೆಯೇ. ಉಳ್ಳವರ ಮನೆಯ ದಡ್ಡ ಪರೀಕ್ಷೆಗೆ ಕೂತರೆ ಯಾರೂ ಏನೂ ಕೇಳುವುದಿಲ್ಲ. ಆಳಿನ ಮಗ ಕೂರಬೇಕಾದರೆ ಮಾತ್ರ ಅವನು ಹುಟ್ಟಿನಿಂದಲೇ ಪಂಡಿತನಾಗಿರಬೇಕು, ಇದು ಯಾವ ಊರಿನ ನ್ಯಾಯವೋ.

ತಂಗಮ್ಮ ಕೆಲಸ ಮಾಡುತ್ತಿದ್ದುದು ಜಯದೇವಪ್ಪನವರ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ. ತೋಟಗಳಿಂದ ಗಾಡಿಯ ಮೇಲೆ ಬಂದ ಪಾರ್ಚ್‌ಮೆಂಟು, ಎಂದರೆ ಸಿಪ್ಪೆಯಿರುವ ಒಣ ಕಾಫಿ, ಅಲ್ಲಿ ಸಿಪ್ಪೆ ಕಳೆದುಕೊಂಡು ಬೀಜವಾಗುತ್ತಿತ್ತು. ಸಾಲಾಗಿ ಕೂತ ಹೆಂಗಸರು ಮೊರದಲ್ಲಿ ಬೀಜ ಹರಡಿಕೊಂಡು ಕಪ್ಪು ಬೀಜ, ಒಡಕು ಬೀಜ ಆರಿಸಿ ಬಿಸಾಕಬೇಕು. ಕತ್ತು ಬಗ್ಗಿಸಿ ಕೂತರೆ ಎತ್ತುವುದು ಸಂಜೆಗೇ. ವರ್ಕ್ಸಿನ ಹಿಂದೆಯೇ ಸಾಲುಮನೆಗಳು, ಅವೂ ಜಯದೇವಪ್ಪನವರವೇ. ಬಾಡಿಗೆ ಇಲ್ಲ. ಬಾಡಿಗೆ ಇಲ್ಲದ ಮನೆ ಎಂದು ಹೊರಗಿನವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಒಳಗಿದ್ದವರಿಗೆ ಕಟ್ಟಳೆ ಗೊತ್ತು. ಮನೆಯೊಂದಕ್ಕೆ ಎರಡು ಆಳು. ಒಂದು ಆಳು ವರ್ಕ್ಸಿಗೆ, ಇನ್ನೊಂದು ಕೊಯ್ಲಿನ ಕಾಲಕ್ಕೆ ಗಿರಿಯ ಮೇಲಿನ ತೋಟಕ್ಕೆ. ಆಳು ಕಡಿಮೆಯಾದರೆ ಮನೆ ಖಾಲಿ ಮಾಡಬೇಕು. ತಂಗಮ್ಮನ ಮನೆಯಲ್ಲಿ ಇದ್ದದ್ದೇ ಇಬ್ಬರು.

ಈ ಕಟ್ಟಳೆಯಲ್ಲಿ ಒಂದು ಸಡಿಲವಿತ್ತು, ಅದರ ಹೆಸರು ಬದಲಿ. ಬೆಳಗ್ಗೆ ಮೇಸ್ತ್ರಿ ಭೂತಯ್ಯ ಲಾರಿಯ ಪಕ್ಕ ನಿಂತು ಹೆಸರು ಕೂಗುತ್ತಿದ್ದ. ಅವನಿಗೆ ಮುಖ ಬೇಕಿರಲಿಲ್ಲ, ಎರಡು ಕೈ ಬೇಕಿತ್ತು. ಪಕ್ಕದ ಮನೆಯ ಮುತ್ತಮ್ಮನ ಗಂಡನ ಹೆಸರು ಕೂಗಿದಾಗ, ಅವನು ಜ್ವರದಲ್ಲಿ ಮಲಗಿದ್ದರೆ, ಅವನ ಭಾವಮೈದ ಮುಂದೆ ಬಂದು "ಹಾಜರ್" ಎನ್ನುತ್ತಿದ್ದ. ಅಷ್ಟಕ್ಕೆ ಮುತ್ತಮ್ಮನ ಗಂಡ ಹಾಜರಾದ ಹಾಗೆ. ಸಂಬಳವೂ ಅವನ ಹೆಸರಿಗೇ. ಯಾರೂ ಇದನ್ನು ಮೋಸ ಎನ್ನುತ್ತಿರಲಿಲ್ಲ, ಲೋಕ ನಡೆಯುವುದೇ ಹೀಗೆ ಎಂದು ತಿಳಿದಿದ್ದರು. ಹಾಗೆ ತಿಳಿದಿದ್ದರಿಂದಲೇ ತಂಗಮ್ಮ ಮುಂದೆ ಆ ಪೇಚಿಗೆ ಸಿಕ್ಕಿಕೊಂಡಳು.

ಇನ್ನು ಸ್ಕೂಲಿನ ಸಮಾಚಾರ. ಚಿಕ್ಕ ಸ್ಕೂಲು, ಹೆಂಚಿನ ಮಾಡು, ಮುಂದೊಂದು ಸಂಪಿಗೆ ಮರ. ಕ್ಲಾಸಿನೊಳಗೆ ಹೋದವರಿಗೆ ಯಾರು ಯಾರ ಮಗ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮುಂದಿನ ಬೆಂಚುಗಳಲ್ಲಿ ತೋಟದವರ, ವಕೀಲರ, ಗುಮಾಸ್ತರ ಮಕ್ಕಳು ಕೋಟು ತೊಟ್ಟು ಕೂರುತ್ತಿದ್ದರು. ಅವರ ಹಿಂದೆ ಅಂಗಡಿ ಬೀದಿಯವರು. ಗೋಡೆಗೆ ತಾಗಿದ ಎರಡು ಬೆಂಚು ಸಾಲುಮನೆಯ ಹುಡುಗರದು. ಸರ್ಕಾರಿ ಸ್ಕೂಲು, ಯಾರು ಎಲ್ಲಿ ಬೇಕಾದರೂ ಕೂರಬಹುದು ಎಂದು ಹೆಡ್‌ಮೇಷ್ಟ್ರು ಹೇಳುತ್ತಲೇ ಇದ್ದರು. ಆದರೂ ನೀರಿನ ಹೂಜಿಯನ್ನು ಮುಟ್ಟಬಾರದವರು ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ದೀಪಾವಳಿ ಕಳೆದು ಕಾಫಿ ಹಣ್ಣು ಕೆಂಪಾಗುತ್ತಿದ್ದಂತೆ ಗೋಡೆಯ ಬೆಂಚುಗಳು ಖಾಲಿಯಾಗುತ್ತಿದ್ದವು. ಮತ್ತೆ ತುಂಬುವ ಹೊತ್ತಿಗೆ ಮುಂದಿನ ಬೆಂಚಿನವರು ಅರ್ಧ ಪುಸ್ತಕ ಮುಗಿಸಿರುತ್ತಿದ್ದರು. ಹೋದ ವರ್ಷ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರೆಲ್ಲ ಹೆಚ್ಚುಕಡಿಮೆ ಗೋಡೆಯ ಬೆಂಚಿನವರೇ.

ಒಂದು ದಿನ ಇಂಗ್ಲಿಷಿನ ಚೌಡಯ್ಯ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಸಾಲುಮನೆಯ ನಲ್ಲಿಯ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ಮಾತಾಡುವ ಮುಂಚೆ ಹಿಂದೆ ಮುಂದೆ ನೋಡಿಕೊಳ್ಳುವ ಅಭ್ಯಾಸ. ತಂಗಮ್ಮ ಬಿಂದಿಗೆ ಇಟ್ಟು ಎದ್ದು ನಿಂತಳು.

"ಲಕ್ಕಯ್ಯ ಎಲ್ಲಿ ತಂಗಮ್ಮ?"

"ಇನ್ನೆಲ್ಲಿ ಮೇಷ್ಟ್ರೆ, ಗಿರಿ ಮೇಲೆ. ಹಣ್ಣು ಕೊಯ್ತಾ ಅವ್ನೆ."

"ಸ್ಕೂಲಿನ ಕಡೆ ತಲೆ ಹಾಕಿ ತಿಂಗಳ ಮೇಲಾಯ್ತಲ್ಲ."

"ಕೊಯ್ಲು ಮುಗೀಲಿ, ಬರ್ತಾನೆ. ಪ್ರತಿ ವರ್ಷನೂ ಹಂಗೇ ಅಲ್ವಾ?"

"ಈ ವರ್ಷ ಹಂಗಲ್ಲ ಮಾರಾಯ್ತಿ." ಮೇಷ್ಟ್ರು ದನಿ ತಗ್ಗಿಸಿದರು. "ಕಮಿಟಿಯವರು ಹೊಸ ರೂಲ್ ಮಾಡಿದಾರೆ. ಹಾಜರಿ ಕಡಿಮೆ ಇದ್ದೋರನ್ನ ಪರೀಕ್ಷೆಗೆ ಕಳಿಸೋದೇ ಇಲ್ವಂತೆ. ಹೋದ ಸಲ ರಿಸಲ್ಟ್ ಬಿದ್ದು ಹೋಯ್ತಲ್ಲ, ಪ್ರೆಸಿಡೆಂಟ್ರಿಗೆ ಮುಖಭಂಗ ಆಗಿದೆ. ಫೇಲಾಗೋರನ್ನ ಮೊದಲೇ ಜರಡಿ ಹಿಡಿದ್ರೆ ಉಳಿದೋರೆಲ್ಲ ಪಾಸು."

"ಪ್ರೆಸಿಡೆಂಟ್ರು ಅಂದ್ರೆ ಯಾರು?"

ಮೇಷ್ಟ್ರು ಹಿಂದೆ ನೋಡಿದರು, ಮುಂದೆ ನೋಡಿದರು. "ಜಯದೇವಪ್ಪನವರು."

ತಂಗಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಹುಡುಗನನ್ನು ಲಾರಿಗೆ ಹತ್ತಿಸಿಕೊಂಡು ಹೋಗುವವರೂ ಅವರೇ, ಹುಡುಗ ಬರಲಿಲ್ಲ ಎಂದು ಬಾಗಿಲು ಹಾಕುವವರೂ ಅವರೇ. ಅರ್ಥವಾದ ಮೇಲೆ ಅವಳಿಗೆ ನಗು ಬಂತು. ನಗು ನಿಂತ ಮೇಲೆ ಸೈಕಲ್ಲಿಗೆ ಅಡ್ಡ ನಿಂತಳು.

"ನಾನೇನ್ ಮಾಡ್ಲಿ ಮೇಷ್ಟ್ರೆ?"

"ಇನ್ನು ಮುಂದಾದ್ರೂ ಹಾಜರಿ ತಪ್ಪದ ಹಾಗೆ ನೋಡ್ಕೊ. ಸೇರಿಸಿ ಸೇರಿಸಿ ಹೆಂಗೋ ಮಾಡಾಣ." ಇಷ್ಟು ಹೇಳಿ ಅವರು ಸೈಕಲ್ ಹತ್ತಿದರು.

ಮರುದಿನ ಬೆಳಗ್ಗೆ ಅವಳು ಲಾರಿಯ ಹತ್ತಿರ ಹೋಗಿ ಭೂತಯ್ಯನನ್ನು ಹಿಡಿದಳು. ಭೂತಯ್ಯನೂ ಒಂದು ಕಾಲದಲ್ಲಿ ಇದೇ ಸಾಲುಮನೆಯಲ್ಲಿ ಹುಟ್ಟಿದವನು. ತಲೆಗೆ ಟೋಪಿ ಬಂದ ಮೇಲೆ ಅದನ್ನು ಮರೆತಿದ್ದ.

"ಅಣ್ಣ, ಲಕ್ಕಯ್ಯನ್ನ ಬಿಟ್ಬಿಡು. ಪರೀಕ್ಷೆ ಐತೆ."

"ಬಿಡ್ತೀನಿ. ಬದ್ಲಿ ಕೊಡು."

"ನಾನೇ ಬರ್ತೀನಿ."

"ವರ್ಕ್ಸಿಗೆ ಯಾರು? ನಿಮ್ ಮನೆ ಲೆಕ್ಕ ಎರಡು ಆಳು ತಂಗಮ್ಮ. ಒಂದು ಅಲ್ಲಿ, ಒಂದು ಇಲ್ಲಿ. ಎಂತ ಅಂತ ತಲೆ ತಿಂತೀಯ, ಹಾರ್ನ್ ಹೊಡೀತಾವ್ನೆ, ಸರಿ ಅತ್ಲಾಗೆ."

ಲಾರಿ ಹೊರಟಿತು. ತಂಗಮ್ಮ ವರ್ಕ್ಸಿನಲ್ಲಿ ಮೊರ ಹಿಡಿದು ಕೂತಳು. ಕೈ ಕಪ್ಪು ಬೀಜ ಆರಿಸುತ್ತಿತ್ತು, ತಲೆ ಬೇರೆ ಕಡೆ ಓಡುತ್ತಿತ್ತು. ಗಿರಿಗೆ ಬದಲಿ ಇಲ್ಲ, ಸರಿ. ಸ್ಕೂಲಿಗೆ ಯಾಕೆ ಇರಬಾರದು? ಅಲ್ಲೂ ಹೆಸರು ಕೂಗುತ್ತಾರೆ, ಇಲ್ಲೂ ಹೆಸರು ಕೂಗುತ್ತಾರೆ. ಇಲ್ಲಿ ಒಪ್ಪುವುದು ಅಲ್ಲಿ ಯಾಕೆ ಒಪ್ಪುವುದಿಲ್ಲ? ಕೂಡಿ ಕಳೆದು ನೋಡಿದರೂ ಅದರಲ್ಲಿ ಅವಳಿಗೆ ತಪ್ಪು ಕಾಣಲಿಲ್ಲ. ಒಂದು ದಿನದ ಕೂಲಿ ಹೋದರೆ ಹೋಗಲಿ ಎಂದು ಮಾರನೆಯ ದಿನ ಹೊಟ್ಟೆನೋವೆಂದು ಭೂತಯ್ಯನಿಗೆ ಹೇಳಿ ಕಳಿಸಿದಳು. ತಲೆಗೆ ಎಣ್ಣೆ ಹಚ್ಚಿ, ಇದ್ದೊಂದು ಒಳ್ಳೆಯ ಸೀರೆ ಉಟ್ಟು, ಸ್ಕೂಲಿಗೆ ಹೊರಟಳು.

ಗೋಡೆಯ ಬೆಂಚು ಯಾವುದು ಎಂದು ಲಕ್ಕಯ್ಯನ ಬಾಯಿಂದ ಕೇಳಿ ಗೊತ್ತಿತ್ತು. ಹೋಗಿ ಅದರ ತುದಿಯಲ್ಲಿ ಕೂತು ಕೈಕಟ್ಟಿಕೊಂಡಳು. ಮುಂದಿನ ಬೆಂಚಿನವರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಿಕಿಸಿ ನಗುತ್ತಿದ್ದರು. ಅವರಲ್ಲಿ ಜಯದೇವಪ್ಪನವರ ಮಗ ಪರಮೇಶನೂ ಇದ್ದ. ಚೌಡಯ್ಯ ಮೇಷ್ಟ್ರು ಬಂದವರು ಅವಳನ್ನು ನೋಡಿ, ನೋಡದ ಹಾಗೆ ಮಾಡಿ, ಹಾಜರಿ ಕೂಗಲು ಶುರುಮಾಡಿದರು. ಲಕ್ಕಯ್ಯನ ಹೆಸರು ಬಂತು.

"ಹಾಜರ್," ಎಂದಳು ತಂಗಮ್ಮ.

ಕ್ಲಾಸೇ ಎದ್ದು ಬಿದ್ದು ನಕ್ಕಿತು. ಗದ್ದಲ ಕೇಳಿ ಹೆಡ್‌ಮೇಷ್ಟ್ರು ಪಕ್ಕದ ಕೋಣೆಯಿಂದ ಬಂದರು. ಪೇಟ, ಮೂಗಿನ ತುದಿಗೆ ಕನ್ನಡಕ.

"ಯಾರಮ್ಮ ನೀನು?"

"ಲಕ್ಕಯ್ಯನ ಬದ್ಲಿ ಸ್ವಾಮಿ."

"ಬದ್ಲಿ ಅಂದ್ರೆ?"

"ಅವ್ನು ಕೆಲ್ಸಕ್ಕೆ ಹೋಗವ್ನೆ. ಅವ್ನ ಜಾಗಕ್ಕೆ ನಾನು ಬಂದೀನಿ. ನೀವು ಹೇಳ್ಕೊಟ್ಟಿದ್ನ ಸಾಯಂಕಾಲ ಅವನಿಗೆ ಹೇಳ್ತೀನಿ. ಒಂದೆರಡು ಮಾತು ಮರ್ತ್ರೂ ಮರೀಬಹುದು."

"ಪಾಠ ಅಂದ್ರೆ ಮುದ್ದೆ ಅಲ್ಲ ತಾಯಿ, ಎಲೇಲಿ ಸುತ್ಕೊಂಡು ಹೋಗಿ ಮಗನಿಗೆ ಕೊಡೋಕೆ," ಎಂದರು ಹೆಡ್‌ಮೇಷ್ಟ್ರು. ಹುಡುಗರು ಮತ್ತೆ ನಕ್ಕರು. ನಗು ಸಿಕ್ಕಿದ್ದರಿಂದ ಅವರಿಗೆ ಇನ್ನಷ್ಟು ಹುರುಪು ಬಂತು. "ಇದು ತೋಟ ಅಲ್ಲ, ಸ್ಕೂಲು. ನಿಮ್ಮಂಥೋರಿಗೆ ಮಕ್ಕಳ ಓದಿನ ಮೇಲೆ ಆಸಕ್ತಿನೇ ಇಲ್ಲ. ಇದ್ದಿದ್ರೆ ಮಗನ್ನ ಕಳಿಸ್ತಿದ್ದೆ, ನೀನು ಬರ್ತಿರಲಿಲ್ಲ. ಏಳು, ಏಳು."

ತಂಗಮ್ಮ ಎದ್ದಳು. ಸಂಪಿಗೆ ಮರ ದಾಟುವ ತನಕ ಬೆನ್ನ ಹಿಂದೆ ನಗು ಕೇಳುತ್ತಲೇ ಇತ್ತು. ಅವಳಿಗೆ ನಾಚಿಕೆಯಾಯಿತು. ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆ. ಆದರೆ ರತ್ನಗಿರಿ ಬೋರೆಯ ತಿರುವಿಗೆ ಬರುವಷ್ಟರಲ್ಲಿ ನಾಚಿಕೆ ಇಳಿದು ಸಿಟ್ಟು ಏರಿತ್ತು. ನಕ್ಕಿದ್ದನ್ನು ಅವಳು ಬೇಕಾದರೆ ಮರೆಯುತ್ತಿದ್ದಳು. ಆಸಕ್ತಿ ಇಲ್ಲ ಎಂದರಲ್ಲ, ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡಿತು.

ವರ್ಕ್ಸಿನಲ್ಲಿ ಈ ಕಥೆ ಹೇಳಿದಾಗ ಮೊದಲು ಹೆಂಗಸರೂ ನಕ್ಕರು. ಮುತ್ತಮ್ಮನಂತೂ ಮೊರ ಕೆಳಗಿಟ್ಟು, ಕಣ್ಣೀರು ಬರುವ ಹಾಗೆ ನಕ್ಕಳು. "ಅಯ್ಯೋ ನಿನ್ನ, ಸ್ಕೂಲಲ್ಲಿ ಹೋಗಿ ಹಾಜರ್ ಅಂದ್ಯಾ? ಎಣ್ಣೆ ಹಚ್ಕೊಂಡು?"

"ಅಂದೆ ಕಣೆ. ತಪ್ಪೇನು? ತೋಟದಲ್ಲಿ ನಿನ್ ತಮ್ಮ ನಿನ್ ಗಂಡನ ಹೆಸ್ರಿಗೆ ಹಾಜರ್ ಅಂತಾನಲ್ಲ, ಅಲ್ಲಿ ಯಾರಾದ್ರೂ ನಗ್ತಾರಾ?"

"ನಗಲ್ಲ."

"ಯಾಕೆ ನಗಲ್ಲ? ಅಲ್ಲಿ ಅವ್ರಿಗೆ ನಮ್ ಕೈ ಬೇಕು. ಇಲ್ಲಿ ನಾವು ಬೇಡ. ಬೇಕಾದಲ್ಲಿ ಬದ್ಲಿ ಆಗ್ತೈತೆ, ಬೇಡಾದಲ್ಲಿ ಆಗಲ್ಲ."

ಮುತ್ತಮ್ಮನ ನಗು ನಿಂತಿತು. ಅವಳ ಮಗನೂ ಅದೇ ಕ್ಲಾಸಿನಲ್ಲಿದ್ದ, ಅಪ್ಪ ಬೇರೆ ಕೂಲಿಗೆ ಹೋದ ದಿನವೆಲ್ಲ ಅವನ ಬದಲಿಗೆ ಲಾರಿ ಹತ್ತುತ್ತಿದ್ದ. ಅಲ್ಲಿ ಕೂತಿದ್ದ ಇನ್ನೂ ಕೆಲವರ ಮಕ್ಕಳು ಆ ಗೋಡೆಯ ಬೆಂಚಿನವರೇ. ಹೊಸ ರೂಲಿನ ಸುದ್ದಿ ಅವರಾರಿಗೂ ಗೊತ್ತಿರಲಿಲ್ಲ. ಮೊರಗಳ ಸದ್ದು ಒಂದೊಂದಾಗಿ ನಿಂತಿತು. ಅವಳ ಮಾತಿಗೆ ಇವಳು, ಇವಳ ಮಾತಿಗೆ ಅವಳು ಸೇರಿಸುತ್ತ ಹೋದಂತೆ ಇನ್ನೊಂದು ವಿಷಯ ಹೊರಬಿತ್ತು. ದಸರೆ ರಜೆ ಮುಗಿದ ಮೇಲೆ ಪರಮೇಶ ಅಪ್ಪನ ಜೊತೆ ಶಿಕಾರಿಗೆಂದು ವಾರಗಟ್ಟಲೆ ಹೋಗಿದ್ದ. ಹೆಸರು ಕೂಗಿದಾಗ ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು, "ಪ್ರೆಸಿಡೆಂಟರ ಜೊತೆ ಹೋಗಿದಾನೆ, ಹಾಜರಿ ಹಾಕ್ಕೊಳ್ಳಿ," ಎಂದಿದ್ದರಂತೆ. ಲಕ್ಕಯ್ಯ ಇದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಿದ್ದ. ಮುತ್ತಮ್ಮನ ಮಗನೂ ಹೇಳಿದ್ದ. ಆಗ ಎಲ್ಲರೂ ನಕ್ಕು ಸುಮ್ಮನಾಗಿದ್ದರು. ಈಗ ಯಾರಿಗೂ ನಗು ಬರಲಿಲ್ಲ.

"ಸೋಮವಾರ ಇನ್ಸ್‌ಪೆಕ್ಟ್ರು ಬರ್ತಾರಂತೆ," ಎಂದಳು ಮುತ್ತಮ್ಮ. "ಸ್ಕೂಲಿಗೆ ಸುಣ್ಣ ಬಳೀತಾವ್ರೆ. ನನ್ ಗಂಡನ್ನೇ ಕರ್ದಿದ್ರು."

"ಹಂಗಾದ್ರೆ ಸೋಮವಾರ ನಂಗೆ ಮತ್ತೆ ಹೊಟ್ಟೆನೋವು," ಎಂದಳು ತಂಗಮ್ಮ.

ಮುತ್ತಮ್ಮ ಮೊರ ಎತ್ತಿಕೊಂಡು ಒಂದು ಸಲ ಕೇರಿದಳು. "ನಂಗೂ," ಎಂದಳು.

ಸೋಮವಾರ ಬೆಳಗ್ಗೆ ಲಾರಿ ಎಂದಿನಂತೆ ಹುಡುಗರನ್ನು ತುಂಬಿಕೊಂಡು ಗಿರಿಗೆ ಹೋಯಿತು. ಸ್ಕೂಲಿನ ಗಂಟೆಗೆ ಸ್ವಲ್ಪ ಮುಂಚೆ ಭೂತಯ್ಯ ಚಹಾ ಕುಡಿಯಲು ಅಂಗಡಿಗೆ ಹೋದ. ಅವನು ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಗೋಡೆಯ ಎರಡು ಬೆಂಚೂ ತುಂಬಿದ್ದವು. ಅಲ್ಲಿ ಹಿಡಿಸದವರು ನೆಲದ ಮೇಲೆ ಕೂತರು. ಮಕ್ಕಳಿಲ್ಲದ ಮುದುಕಿಯೊಬ್ಬಳೂ ಬಂದಿದ್ದಳು. ಯಾರ ಬದಲಿ ಎಂದು ಕೇಳಿದ್ದಕ್ಕೆ, "ಯಾರದಾದ್ರೂ ಇಟ್ಕೊಳ್ಳಿ, ಮನೇಲಿ ಕೂತು ಬೇಜಾರು," ಎಂದಳು. ಮುಂದಿನ ಬೆಂಚಿನವರು ಈ ಸಲ ನಗಲಿಲ್ಲ. ಅಷ್ಟು ಜನ ಹೆಂಗಸರು ಬೆನ್ನ ಹಿಂದೆ ಸುಮ್ಮನೆ ಕೂತಿದ್ದರೆ ನಗುವುದು ಕಷ್ಟ.

ಕ್ಲಾಸಿಗೂ ಆಫೀಸಿಗೂ ನಡುವೆ ಇದ್ದದ್ದು ಒಂದು ಹಲಗೆಯ ತಟ್ಟಿ ಮಾತ್ರ. ಆಚೆ ಕಡೆಯ ಮಾತು ತಂಗಮ್ಮನಿಗೆ ಚೆನ್ನಾಗಿ ಕೇಳುತ್ತಿತ್ತು. ಇನ್ಸ್‌ಪೆಕ್ಟರು ಕಾಫಿ ಕುಡಿಯುತ್ತಿದ್ದರು, ಬಸಿಯ ಮೇಲೆ ಕಪ್ಪು ಇಟ್ಟ ಸದ್ದಾಯಿತು.

"ನಿಮ್ಮ ಸ್ಕೂಲಿನಲ್ಲಿ ಫೇಲಾದವರೆಲ್ಲ ಒಂದೇ ಕಡೆಯವರಾಗಿದ್ದಾರಲ್ಲ, ಏನು ಕಾರಣ?" ಎಂದು ಹೊಸ ದನಿ ಕೇಳಿತು.

"ಏನು ಹೇಳಲಿ ಸಾರ್," ಎಂದರು ಹೆಡ್‌ಮೇಷ್ಟ್ರು. "ಕೂಲಿಯವರ ಮಕ್ಕಳು. ತಂದೆತಾಯಿಗಳಿಗೆ ಆಸಕ್ತಿ ಇಲ್ಲ. ಕೊಯ್ಲು ಬಂದರೆ ಓದು ಬಿಟ್ಟು ಓಡಿಬಿಡ್ತಾರೆ."

"ಎಷ್ಟು ಬುದ್ಧಿ ಹೇಳಿದರೂ ಕೇಳೋದಿಲ್ಲ," ಎಂದು ಇನ್ನೊಂದು ಗಟ್ಟಿ ದನಿ ಸೇರಿಕೊಂಡಿತು. ಅದು ಯಾರದೆಂದು ಬೆಂಚಿನ ಮೇಲಿದ್ದ ಎಲ್ಲರಿಗೂ ಗೊತ್ತಾಯಿತು.

ಮುತ್ತಮ್ಮ ತಂಗಮ್ಮನ ತೊಡೆ ಚಿವುಟಿದಳು. "ಕೇಳಿಸ್ತಾ?"

"ಕೇಳಿಸ್ತು. ಸುಮ್ನಿರು."

ಮೂವರೂ ಒಳಗೆ ಬಂದರು. ಇನ್ಸ್‌ಪೆಕ್ಟರು ದುಂಡಗಿನ ಮನುಷ್ಯ, ಕುತ್ತಿಗೆಗೆ ಮಫ್ಲರು. ಹಿಂದೆ ಜರಿಪೇಟದ ಜಯದೇವಪ್ಪನವರು. ಹೆಡ್‌ಮೇಷ್ಟ್ರು ಬಾಗಿಲಲ್ಲೇ ನಿಂತುಬಿಟ್ಟರು, ಕನ್ನಡಕ ಮೂಗಿನಿಂದ ಜಾರಿತು. ಹುಡುಗರೆಲ್ಲ ಎದ್ದು ನಿಂತರು. ಅವರನ್ನು ನೋಡಿ ಹೆಂಗಸರೂ ಎದ್ದು ನಿಂತರು.

"ಇದೇನು, ಇಲ್ಲಿ ದೊಡ್ಡವರ ಶಾಲೆಯೂ ಇದೆಯೋ?" ಎಂದರು ಇನ್ಸ್‌ಪೆಕ್ಟರು.

ಹೆಡ್‌ಮೇಷ್ಟ್ರು ಜಾರಿದ ಕನ್ನಡಕವನ್ನೇ ಹಿಡಿಯುತ್ತಿದ್ದರು. ಆಗ ಪುಕ್ಕಲು ಚೌಡಯ್ಯ ಮೇಷ್ಟ್ರು ಒಂದು ಕೆಲಸ ಮಾಡಿದರು. ಹಿಂದೆ ನೋಡಲಿಲ್ಲ, ಮುಂದೆ ನೋಡಲಿಲ್ಲ. ಮೇಜಿನ ಮುಂದೆ ನಿಂತು, ಇನ್ನೂ ಹಾಜರಿ ಆಗಿಲ್ಲ ಸಾರ್ ಎಂದು ಹೇಳಿ, ಗಟ್ಟಿಯಾಗಿ ಹೆಸರು ಕೂಗತೊಡಗಿದರು. ಮುಂದಿನ ಬೆಂಚಿನವರು ಒಬ್ಬೊಬ್ಬರಾಗಿ ಹೇಳಿದರು. ಆಮೇಲೆ ಗೋಡೆಯ ಬೆಂಚಿನ ಸರದಿ.

"ಲಕ್ಕಯ್ಯ."

"ಹಾಜರ್."

ಅವಳ ಬೆನ್ನಿಗೆ ಮುತ್ತಮ್ಮ, ಮುತ್ತಮ್ಮನ ಬೆನ್ನಿಗೆ ಉಳಿದವರು. ಪ್ರತಿ ಹೆಸರಿಗೂ ಒಬ್ಬ ತಾಯಿ. ಕೊನೆಗೆ ಹೆಸರು ಮುಗಿದ ಮೇಲೂ ಆ ಮುದುಕಿ "ಹಾಜರ್" ಎಂದಳು.

ಇನ್ಸ್‌ಪೆಕ್ಟರು ತಂಗಮ್ಮನ ಹತ್ತಿರ ಬಂದು ನಿಂತರು. "ನೀನೇ ಲಕ್ಕಯ್ಯನೇನಮ್ಮ?"

"ಅವ್ನ ಬದ್ಲಿ ಸ್ವಾಮಿ. ಅವ್ನು ಕೊಯ್ಲಿಗೆ ಹೋಗವ್ನೆ."

"ಓದು ಬಿಟ್ಟು ಯಾಕೆ ಕಳಿಸಿದೆ?"

"ನಾನು ಕಳಿಸ್ಲಿಲ್ಲ, ಕರ್ಕೊಂಡು ಹೋದ್ರು."

"ಯಾರು? ಯಾರ ತೋಟಕ್ಕೆ?"

ತಂಗಮ್ಮ ಜಯದೇವಪ್ಪನವರ ಕಡೆ ನೋಡಿದಳು. ಎಲ್ಲ ಹೆಂಗಸರೂ ಆ ಕಡೆಯೇ ನೋಡಿದರು. ಮುಂದಿನ ಬೆಂಚಿನ ಹುಡುಗರೂ ತಿರುಗಿ ನೋಡಿದರು. ಮಗ ಪರಮೇಶ ಮಾತ್ರ ಕಾಲಿನ ಬೂಟ್ಸು ನೋಡಿಕೊಂಡ.

ಜಯದೇವಪ್ಪನವರು ನಕ್ಕರು. ಅವರು ಕೂಗಾಡುವ ಮನುಷ್ಯರಲ್ಲ. "ಅವರಾಗಿಯೇ ಬರ್ತಾರೆ ಸಾರ್. ನಾಲ್ಕು ಕಾಸು ಸಿಗುತ್ತೆ ಅಂತ ಆಸೆ. ನಾನು ಬೇಡ ಅಂದ್ರೂ ಲಾರಿ ಹತ್ತಿಬಿಡ್ತಾರೆ."

ಇದೇ ಹೊತ್ತಿಗೆ ಭೂತಯ್ಯ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡ. ವರ್ಕ್ಸಿನಲ್ಲಿ ಒಂದು ಹೆಣ್ಣಾಳೂ ಇಲ್ಲದ್ದನ್ನು ಕಂಡು ಪೇಟೆಯೆಲ್ಲ ಹುಡುಕಿಕೊಂಡು ಬಂದಿದ್ದ. ಅವನಿಗೆ ಇನ್ಸ್‌ಪೆಕ್ಟರೂ ಕಾಣಲಿಲ್ಲ, ಮಫ್ಲರೂ ಕಾಣಲಿಲ್ಲ. ಯಜಮಾನರ ಪೇಟ ಒಂದೇ ಕಂಡಿತು.

"ಯಜಮಾನ್ರೆ, ಎಲ್ಲಾ ಇಲ್ಲಿ ಬಂದು ಕೂತವ್ರೆ. ಎರಡಾಳಿನ ಕಟ್ಟಳೆ ಮುರಿದವ್ರೆ. ಈಗ್ಲೇ ಹೋಗಿ ಮನೆ ಖಾಲಿ ಮಾಡಿಸ್ಲಾ?"

ಜಯದೇವಪ್ಪನವರ ನಗು ಹಾಗೆಯೇ ಉಳಿಯಿತು, ಕಣ್ಣು ಮಾತ್ರ ಭೂತಯ್ಯನನ್ನು ಸುಟ್ಟುಬಿಡುವ ಹಾಗಿತ್ತು.

"ಎರಡಾಳಿನ ಕಟ್ಟಳೆ ಅಂದರೆ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಪಾಪ, ಭೂತಯ್ಯ ಕೇಳಿದ್ದಕ್ಕೆ ಹೇಳುವವನು. ಮನೆಗೆ ಎರಡಾಳು, ಒಂದು ಇಲ್ಲಿ ಒಂದು ಅಲ್ಲಿ, ಕಡಿಮೆಯಾದರೆ ಮನೆ ಖಾಲಿ ಎಂದು ಬಿಡಿಸಿ ಬಿಡಿಸಿ ಹೇಳಿದ. ಹೇಳಿ ಮುಗಿಸಿದ ಮೇಲೆ ಯಜಮಾನರ ಮುಖ ನೋಡಿದ. ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಾಜರಿ ಇಲ್ಲದವರಿಗೆ ಪರೀಕ್ಷೆ ಇಲ್ಲ ಅನ್ನೋ ರೂಲು ಎಲ್ಲರಿಗೂ ಒಂದೇ ಸಾರ್," ಎಂದರು ಹೆಡ್‌ಮೇಷ್ಟ್ರು, ಅವರಿಗೆ ಈಗ ಬಾಯಿ ಬಂದಿತ್ತು. "ಕಾರಣ ಏನೇ ಇರಲಿ, ಬರದವರು ಬರದವರೇ."

"ಎಲ್ಲರಿಗೂ ಒಂದೇ ಅಲ್ಲ ಸ್ವಾಮಿ," ಎಂದಳು ತಂಗಮ್ಮ. "ದಸರೆ ರಜ ಮುಗಿದ್ ಮೇಲೆ ಯಜಮಾನ್ರ ಮಗ ಯಜಮಾನ್ರ ಜೊತೆ ಶಿಕಾರಿಗೆ ಹೋಗಿದ್ರು. ಅವ್ರಿಗೆ ಹಾಜರಿ ಸಿಕ್ತು. ನನ್ ಮಗ ಯಜಮಾನ್ರ ತೋಟಕ್ಕೆ ಹೋಗವ್ನೆ. ಇಬ್ರೂ ಯಜಮಾನ್ರ ಜೊತೆ ಹೋದೋರೇ ಅಲ್ವಾ? ಹಂದಿ ಹೊಡೆಯೋಕೆ ಹೋದೋರು ಹಾಜರು, ಹಣ್ಣು ಕೊಯ್ಯೋಕೆ ಹೋದೋರು ಗೈರು. ಅದು ಹೆಂಗೆ ಅಂತ ನೀವೇ ಹೇಳಿ. ಆಸಕ್ತಿ ಇಲ್ಲ ಅಂತೀರಿ. ಇವತ್ತಿನ ಕೂಲಿ ಬಿಟ್ಟು ಇಷ್ಟು ಜನ ಯಾತಕ್ಕೆ ಬಂದು ಕೂತೀವಿ?"

ಇನ್ಸ್‌ಪೆಕ್ಟರು ಹೆಡ್‌ಮೇಷ್ಟ್ರ ಕಡೆ ತಿರುಗಿದರು. "ಶಿಕಾರಿಯ ಮಾತು ನಿಜವೇ?"

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಮುಂದಿನ ಬೆಂಚಿನಿಂದ ಪರಮೇಶ, ತಲೆಯೆತ್ತದೆ, "ನಿಜ ಸಾರ್," ಎಂದ.

ಇನ್ಸ್‌ಪೆಕ್ಟರನ್ನು ದೊಡ್ಡ ಧರ್ಮಾತ್ಮ ಎಂದುಕೊಳ್ಳಬೇಕಿಲ್ಲ. ಮಧ್ಯಾಹ್ನ ಅವರು ಊಟ ಮಾಡಿದ್ದು ಜಯದೇವಪ್ಪನವರ ಮನೆಯಲ್ಲೇ, ಹೋಗುವಾಗ ಅವರ ಕಾರಿನಲ್ಲಿ ಒಂದು ಮೂಟೆ ಒಳ್ಳೆಯ ಬೀಜವೂ ಹೋಯಿತು. ಆದರೆ ಅಷ್ಟು ಜನರ ಎದುರಿಗೆ ಕೇಳಿದ್ದನ್ನು ಕೇಳಿಲ್ಲ ಎನ್ನಲು ಅವರಿಗೆ ಆಗಲಿಲ್ಲ. ಈ ವರ್ಷ ಹಾಜರಿ ನೋಡದೆ ಗೋಡೆಯ ಬೆಂಚಿನವರನ್ನೂ ಪರೀಕ್ಷೆಗೆ ಕಳಿಸಿ ಎಂದರು. ಆದರೆ ನಾಳೆಯಿಂದ ಒಂದು ದಿನ ತಪ್ಪಿಸಿದರೂ ಹೆಸರು ಹೊಡೆದುಹಾಕಿ ಎಂದು ಒಂದು ಕೊಕ್ಕೆಯನ್ನೂ ಇಟ್ಟರು. ತೋಟದ ಕಟ್ಟಳೆ ನನ್ನ ಇಲಾಖೆಗೆ ಬರುವುದಿಲ್ಲ ಎಂದು ಮಫ್ಲರು ಸರಿಪಡಿಸಿಕೊಂಡು ಹೊರಟರು.

ಅಲ್ಲಿಗೆ ಗಂಟು ಇನ್ನಷ್ಟು ಬಿಗಿಯಾಯಿತು. ನಾಳೆ ಲಕ್ಕಯ್ಯ ಲಾರಿ ಹತ್ತಿದರೆ ಪರೀಕ್ಷೆ ಹೋಯಿತು, ಹತ್ತದಿದ್ದರೆ ಮನೆ ಹೋಯಿತು. ಸಂಜೆ ಗಿರಿಯಿಂದ ಇಳಿದ ಮಗನಿಗೆ ತಂಗಮ್ಮ ಎಲ್ಲವನ್ನೂ ಹೇಳಿದಳು. ಅವನು ಹಣ್ಣಿನ ಅಂಟಿನಿಂದ ಕಪ್ಪಾದ ಕೈಗಳನ್ನು ನೋಡಿಕೊಂಡ.

"ಮನೆ ಹೋದ್ರೆ ಎಲ್ಲಿರ್ತೀಯ ಅವ್ವ? ನಾನು ಕೊಯ್ಲಿಗೇ ಹೋಗ್ತೀನಿ ಬಿಡು. ಪಾಸಾಗ್ತೀನಿ ಅಂತ ಏನು ಗ್ಯಾರಂಟಿ?"

"ಪಾಸಾಗು ಅಂತ ಯಾರು ಹೇಳಿದ್ರು? ಹೋಗಿ ಕೂತ್ಕೊ. ಫೇಲಾದ್ರೆ ಅಲ್ಲಿ ಕೂತು ಫೇಲಾಗು. ಗಿಡದ ಬುಡದಲ್ಲಿ ನಿಂತು ಫೇಲಾಗಬೇಡ."

ಮರುದಿನ ಬೆಳಗ್ಗೆ ಲಾರಿ ಬಂತು, ಹಾರ್ನ್ ಹೊಡೆಯಿತು. ಯಾವ ಬಾಗಿಲೂ ತೆರೆಯಲಿಲ್ಲ. ಬಿಸಿಲೇರಿ ಸ್ಕೂಲಿನ ಹೊತ್ತಾಗುವ ತನಕ ಬಿಟ್ಟು ಬಿಟ್ಟು ಹೊಡೆಯಿತು. ಆಮೇಲೆ ಬಾಗಿಲುಗಳು ತೆರೆದವು, ಹೆಂಗಸರು ಹೊರಗೆ ಬಂದು ಹೊಸಿಲ ಮುಂದೆ ನಿಂತರು. ಒಬ್ಬರೂ ಲಾರಿಯ ಕಡೆ ಬರಲಿಲ್ಲ. ಗಿರಿಯ ಮೇಲೆ ಹಣ್ಣು ಕಳಿತು ಉದುರುವ ಕಾಲ. ವರ್ಕ್ಸಿನ ಅಂಗಳದಲ್ಲಿ ಹೊಸ ಪಾರ್ಚ್‌ಮೆಂಟಿನ ಗಾಡಿಗಳು ಸಾಲುಗಟ್ಟಿದ್ದವು. ಪೇಟೆಯಲ್ಲಿ ಇನ್ನೆರಡು ಕ್ಯೂರಿಂಗ್ ವರ್ಕ್ಸಿನವರು ಬೀಜ ಆರಿಸುವ ಹೆಂಗಸರು ಸಿಗದೆ ಒದ್ದಾಡುತ್ತಿದ್ದರು. ಇದೆಲ್ಲ ಭೂತಯ್ಯನಿಗೂ ಗೊತ್ತು, ಹೆಂಗಸರಿಗೂ ಗೊತ್ತು. ಗೊತ್ತಿದೆ ಎಂದು ಬಾಯಿಬಿಟ್ಟು ಹೇಳಿಕೊಂಡದ್ದು ಮಾತ್ರ ಹಿಂದಿನ ಸಂಜೆ ನಲ್ಲಿಯ ಹತ್ತಿರ ಎಲ್ಲ ಹೆಂಗಸರೂ ಸೇರಿದಾಗಲೇ ಮೊದಲು.

ಭೂತಯ್ಯ ಗಂಟಲು ಸರಿಮಾಡಿಕೊಂಡು ಕೂಗಿದ. "ಲಕ್ಕಯ್ಯ."

ಒಳಗಿಂದ ಲಕ್ಕಯ್ಯ ಬಂದ. ತಲೆ ಬಾಚಿದ್ದ, ಕೈಯಲ್ಲಿ ಭೂಗೋಳದ ಪುಸ್ತಕವಿತ್ತು. ಲಾರಿಯ ಪಕ್ಕದಲ್ಲೇ ಹಾದು ಸ್ಕೂಲಿನ ದಾರಿ ಹಿಡಿದ. ಅವನ ಹಿಂದೆ ಮುತ್ತಮ್ಮನ ಮಗ, ಅವನ ಹಿಂದೆ ಉಳಿದವರು.

"ತಂಗಮ್ಮ, ಯಜಮಾನ್ರು ಹೇಳಿ ಕಳಿಸಿದಾರೆ," ಎಂದ ಭೂತಯ್ಯ. "ಇವತ್ತು ಆಳು ಕಡಿಮೆ ಆದ್ರೆ ಸಾಯಂಕಾಲಕ್ಕೆ ಮನೆ ಬಿಡ್ಬೇಕು."

"ಬಿಡ್ತೀವಿ. ಎಲ್ಲಾ ಒಟ್ಟಿಗೇ ಬಿಡ್ತೀವಿ. ಆಮೇಲೆ ವರ್ಕ್ಸಲ್ಲಿ ಬೀಜ ಆರ್ಸೋಕೆ ಯಾರವ್ರೆ ಅಂತ ಯಜಮಾನ್ರನ್ನ ಕೇಳ್ಕೊಂಡು ಬಾ."

ಭೂತಯ್ಯ ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನೇ ಹೇಳಿದ. "ಕಟ್ಟಳೆ ಕಟ್ಟಳೆನೇ ತಂಗಮ್ಮ. ಬದ್ಲಿಯಾದ್ರೂ ಕೊಡು."

ತಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬದ್ಲಿ ತಾನೇ? ಯಜಮಾನ್ರ ಮನೇಲೂ ಅದೇ ಕ್ಲಾಸಿನ ಹುಡುಗ ಒಬ್ಬವ್ನೆ. ಲಕ್ಕಯ್ಯ ಇಷ್ಟು ವರ್ಷ ಅವ್ರ ಹಣ್ಣು ಕೊಯ್ದ. ಇವತ್ತೊಂದಿನ ಲಕ್ಕಯ್ಯನ ಬದ್ಲಿ ಆ ಹುಡುಗನ್ನ ಹತ್ತಿಸ್ಕೊಂಡು ಹೋಗು. ಹಾಜರಿ ನಾನೇ ಕೂಗ್ತೀನಿ."

ಹೆಂಗಸರು ನಕ್ಕರು. ಸ್ಕೂಲಿನ ದಾರಿಯಲ್ಲಿ ಹೋಗುತ್ತಿದ್ದ ಹುಡುಗರೂ ತಿರುಗಿ ನೋಡಿ ನಕ್ಕರು.

"ಏನಣ್ಣ, ಖಾಲಿನೇ ಹೋಗ್ಲಾ?" ಎಂದು ಡ್ರೈವರು ಕೇಳಿದ.

ಭೂತಯ್ಯ ಇವತ್ತೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಡ್ರೈವರು ಸ್ವಲ್ಪ ಹೊತ್ತು ಕಾದು, ಗೇರು ಹಾಕಿ, ಖಾಲಿ ಲಾರಿಯನ್ನು ಗಿರಿಯ ಕಡೆಗೆ ಓಡಿಸಿಕೊಂಡು ಹೋದ.